ಅಸಾಯಿ: ಅಮೆಜಾನ್ ತೀರದ ಕಪ್ಪು ಹಣ್ಣು

ಈಚಿನ ದಿನಗಳಲ್ಲಿ ಶ್ರೀಮಠಕ್ಕೆ ಆಗಮಿಸುವ ಭಕ್ತರಲ್ಲಿ ಕೆಲವರು, ವಿಶೇಷವಾಗಿ ಮಕ್ಕಳು ಬೆಂಗಳೂರಿನಲ್ಲಿಯೋ ಪರದೇಶದಲ್ಲಿಯೋ ನೆಲೆಸಿರುವ ಹಿರಿಯರು, ನೇರಳೆ ಬಣ್ಣದ ಪುಡಿಯ ಡಬ್ಬಿಯೊಂದನ್ನು ತೋರಿಸಿ ‘ಇದನ್ನು ಸೇವಿಸಬಹುದೇ?’ ಎಂದು ನಮ್ಮನ್ನು ಕೇಳುತ್ತಾರೆ. ಡಬ್ಬಿಯ ಮೇಲೆ ‘ಸೂಪರ್‌ಫುಡ್’ ಎಂಬ ಬಿರುದು ಇರುತ್ತದೆ. ಮಗ ಕಳುಹಿಸಿದ್ದೆಂಬ ಅಭಿಮಾನದಿಂದ ಮಧುಮೇಹದ ಮಾತ್ರೆಯನ್ನೇ ನಿಲ್ಲಿಸಿ ಈ ಪುಡಿಯನ್ನು ಆರಂಭಿಸಿದವರೂ ಉಂಟು. ಆದಕಾರಣ ಈ ಹಣ್ಣಿನ ಪೂರ್ವಾಪರವನ್ನು ತಿಳಿಸುವುದು ಉಚಿತವೆಂದು ಭಾವಿಸಿದ್ದೇವೆ.

ಇದರ ಹೆಸರು ಅಸಾಯಿ. ಇಂಗ್ಲಿಷ್ ಅಕ್ಷರಗಳನ್ನು ನೋಡಿ ‘ಅಕೈ’ ಎಂದು ಓದುವವರೇ ಹೆಚ್ಚು. ಪೋರ್ಚುಗೀಸ್ ಭಾಷೆಯಲ್ಲಿ ಆ ಅಕ್ಷರಕ್ಕೆ ‘ಸ’ಕಾರದ ಉಚ್ಚಾರಣೆ. ಬ್ರೆಜಿಲ್ ದೇಶದ ಉತ್ತರ ಭಾಗದಲ್ಲಿ ಅಮೆಜಾನ್ ನದಿಯು ಸಮುದ್ರವನ್ನು ಸೇರುವ ಪಾರಾ ರಾಜ್ಯದ ತಗ್ಗು ಪ್ರದೇಶವೇ ಇದರ ತವರು. ನೆರೆಯ ನೀರು ಬಂದು ಹೋಗುವ ಜೌಗು ನೆಲದಲ್ಲಿ ಈ ಮರವು ಗುಂಪುಗುಂಪಾಗಿ ಬೆಳೆಯುತ್ತದೆ. ನಮ್ಮ ಮಲೆನಾಡಿನ ಅಡಿಕೆ ಮರವನ್ನು ಕಂಡವರಿಗೆ ಅಸಾಯಿ ಮರ ಅಪರಿಚಿತವೆನಿಸದು. ಎರಡೂ ಒಂದೇ ತಾಳೆ ಕುಟುಂಬಕ್ಕೆ ಸೇರಿದವು. ಅಡಿಕೆಗೆ ಒಂದೇ ಕಾಂಡ, ಅಸಾಯಿಗೆ ಬಾಳೆಯ ಹಾಗೆ ಒಂದೇ ಬುಡದಿಂದ ಹಲವು ಕಾಂಡಗಳು. ಹಣ್ಣು ಸುಮಾರು ಒಂದು ಸೆಂಟಿಮೀಟರಿನಷ್ಟು ದಪ್ಪ. ಅದರಲ್ಲಿ ಹೆಚ್ಚಿನ ಪಾಲು ಗಟ್ಟಿ ಬೀಜವೇ; ತಿನ್ನಲು ಯೋಗ್ಯವಾದುದು ಬೀಜದ ಮೇಲಿನ ತೆಳುವಾದ ತಿರುಳು ಮತ್ತು ಸಿಪ್ಪೆ ಮಾತ್ರ.

ಹೆಸರಿನ ಬಗ್ಗೆ ಆ ನಾಡಿನಲ್ಲಿ ಒಂದು ಕಥೆ ಪ್ರಚಲಿತವಿದೆ. ಬರಗಾಲದಲ್ಲಿ ಅನ್ನ ಸಾಲದಾದಾಗ ಇಟಾಕಿ ಎಂಬ ಬುಡಕಟ್ಟಿನ ನಾಯಕನು ಹುಟ್ಟುವ ಕೂಸುಗಳನ್ನೆಲ್ಲ ಕೊಲ್ಲಬೇಕೆಂದು ಆಜ್ಞಾಪಿಸಿದನಂತೆ. ಆ ಆಜ್ಞೆಗೆ ಅವನ ಮಗಳು ಇಯಾಸಾಳ ಕೂಸೂ ಬಲಿಯಾಯಿತು. ಶೋಕದಲ್ಲಿದ್ದ ಆ ತಾಯಿ ಒಂದು ಮರವನ್ನು ತಬ್ಬಿಕೊಂಡು ಪ್ರಾಣ ಬಿಟ್ಟಿದ್ದಳು. ಅವಳ ಕಣ್ಣುಗಳು ಮೇಲಿನ ಕಪ್ಪು ಹಣ್ಣಿನ ಗೊನೆಯತ್ತ ನೆಟ್ಟಿದ್ದವು. ಆ ಹಣ್ಣು ಜನರ ಹಸಿವನ್ನು ನೀಗಿತು. ನಾಯಕನು ಆಜ್ಞೆಯನ್ನು ಹಿಂತೆಗೆದುಕೊಂಡು, ಮಗಳ ಹೆಸರನ್ನು ತಿರುವುಮುರುವಾಗಿಸಿ ಹಣ್ಣಿಗೆ ಅಸಾಯಿ ಎಂದು ಹೆಸರಿಟ್ಟನು. ಭಾಷಾವಿದರು ಇದನ್ನು ಒಪ್ಪುವುದಿಲ್ಲ. ತುಪಿ ಭಾಷೆಯ ಪದವೊಂದರಿಂದ ಈ ಹೆಸರು ಬಂದಿತೆಂಬುದು ಅವರ ಮತ. ಆದರೆ ಆ ಜನರಿಗೆ ಇದು ಹಸಿವಿನ ಹಣ್ಣು ಎಂಬುದನ್ನು ಕಥೆಯೇ ಚೆನ್ನಾಗಿ ಹೇಳುತ್ತದೆ.

ನದೀತೀರದ ಬಡವರಿಗೆ ಅಸಾಯಿ ಇಂದಿಗೂ ಊಟವೇ ಹೊರತು ಔಷಧವಲ್ಲ. ಹಣ್ಣನ್ನು ನೀರಿನಲ್ಲಿ ನೆನೆಸಿ, ತಿಕ್ಕಿ, ಗಂಜಿಯಂತಹ ಗಟ್ಟಿಯಾದ ರಸವನ್ನು ತೆಗೆದು ಮರಗೆಣಸಿನ ಹಿಟ್ಟು ಹಾಗೂ ಮೀನಿನೊಡನೆ ಉಣ್ಣುತ್ತಾರೆ. ಅದು ಸಿಹಿಯಲ್ಲ, ಮಣ್ಣಿನ ವಾಸನೆಯ, ಎಣ್ಣೆಯ ಅಂಶವುಳ್ಳ ಆಹಾರ. ಕೊಯ್ದ ಹಣ್ಣು ಬಹು ಬೇಗ ಕೆಡುವುದರಿಂದ ದೋಣಿಗಳು ರಾತ್ರಿಯಲ್ಲಿಯೇ ಹೊರಟು, ಬೆಳಗಾಗುವುದರೊಳಗೆ ಬೆಲೆಮ್ ನಗರದ ವೆರ್-ಓ-ಪೇಸೊ ಮಾರುಕಟ್ಟೆಯನ್ನು ತಲುಪುತ್ತವೆ. ಕೊಯ್ಯುವವರು ಪಾದಗಳಿಗೆ ನಾರಿನ ಕುಣಿಕೆಯನ್ನು ತೊಟ್ಟು ಮರವನ್ನೇರುತ್ತಾರೆ. ನಮ್ಮ ಕೊನೆಗೌಡರ ಕಾಯಕವನ್ನು ಬಲ್ಲವರಿಗೆ ಇದರ ಅಪಾಯವನ್ನು ವಿವರಿಸಬೇಕಾಗಿಲ್ಲ. ಸಪೂರವಾದ ಕಾಂಡ ಹೆಚ್ಚು ಭಾರವನ್ನು ತಾಳದೆಂದು ಬಾಲಕರನ್ನೇ ಏರಿಸುತ್ತಿರುವ ಸಂಗತಿಯೂ ವರದಿಯಾಗಿದೆ. ಡಬ್ಬಿಯ ಮೇಲಿನ ಚಿತ್ರದಲ್ಲಿ ಇದು ಕಾಣಿಸುವುದಿಲ್ಲ.

ಇಂತಹ ಆಹಾರವು ಲೋಕಪ್ರಸಿದ್ಧವಾದ ಬಗೆ ವಿಚಿತ್ರವಾದುದು. ದಕ್ಷಿಣದ ರಿಯೊ ನಗರದಲ್ಲಿ ಜಿಯು-ಜಿತ್ಸು ಮಲ್ಲವಿದ್ಯೆಯ ಗ್ರೇಸಿ ಮನೆತನದವರು ಇದನ್ನು ಬಲವರ್ಧಕವೆಂದು ಬಳಕೆಗೆ ತಂದರು. ಸಮುದ್ರದ ಅಲೆಗಳ ಮೇಲೆ ಆಡುವ ತರುಣರು ಅದನ್ನು ಮೆಚ್ಚಿದರು. ಅಲ್ಲಿ ಹಣ್ಣು ಮಂಜುಗಡ್ಡೆಯಾಗಿ, ಗ್ವಾರಾನಾ ಪಾಕ ಮತ್ತು ಬಾಳೆಹಣ್ಣಿನೊಡನೆ ಸಿಹಿ ಬಟ್ಟಲಾಗಿ ಮಾರ್ಪಟ್ಟಿತು. 2000ದಲ್ಲಿ ಸಾಂಬಜಾನ್ ಎಂಬ ಸಂಸ್ಥೆ ಇದನ್ನು ಅಮೆರಿಕಕ್ಕೆ ಒಯ್ಯಲಾರಂಭಿಸಿತು. ಅನಂತರ ದೂರದರ್ಶನದ ಖ್ಯಾತನಾಮರ ಮಾತು ಸೇರಿತು. ಹಿಂದೆಯೇ ವಂಚಕರೂ ಬಂದರು. ತಮ್ಮ ಹೆಸರನ್ನು ದುರುಪಯೋಗಪಡಿಸಿಕೊಂಡರೆಂದು ಓಪ್ರಾ ವಿನ್‌ಫ್ರೇ ಮತ್ತು ಡಾ. ಮೆಹ್ಮತ್ ಓಜ್ 2009ರಲ್ಲಿ ಅನೇಕ ಮಾರಾಟಗಾರರ ಮೇಲೆ ದಾವೆ ಹೂಡಬೇಕಾಯಿತು. ಸುದ್ದಿಯ ವೇಷದಲ್ಲಿ ಜಾಹೀರಾತು ಪ್ರಕಟಿಸಿ ತೂಕ ಇಳಿಸುವ ಅಸಾಯಿ ಮಾತ್ರೆ ಮಾರುತ್ತಿದ್ದವರ ವಿರುದ್ಧ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ 2011ರಲ್ಲಿ ನ್ಯಾಯಾಲಯದ ಮೆಟ್ಟಿಲೇರಿತು.

ಹಾಗಾದರೆ ಹಣ್ಣಿನಲ್ಲಿ ಗುಣವಿಲ್ಲವೇ? ಇದೆ. ಅದರ ಕಡುವರ್ಣಕ್ಕೆ ಕಾರಣವಾದ ಆಂಥೋಸಯಾನಿನ್‌ಗಳು ಉತ್ಕರ್ಷಣ ನಿರೋಧಕಗಳು. ಒಣಗಿಸಿದ ತಿರುಳಿನಲ್ಲಿ ಮೂರನೆಯ ಒಂದು ಭಾಗದಷ್ಟು ಕೊಬ್ಬು, ಅದರಲ್ಲಿಯೂ ಆಲಿವ್ ಎಣ್ಣೆಯಲ್ಲಿರುವ ಓಲಿಯಿಕ್ ಆಮ್ಲವೇ ಅಧಿಕ, ನಾರಿನಂಶವೂ ಹೇರಳ. ಆದರೆ ಪ್ರನಾಳದಲ್ಲಿ ಅಳೆದ ಶಕ್ತಿ ದೇಹದಲ್ಲಿಯೂ ಹಾಗೆಯೇ ವರ್ತಿಸುತ್ತದೆಂಬುದು ಸಿದ್ಧವಾಗಿಲ್ಲ. ಆಹಾರಗಳನ್ನು ಈ ರೀತಿ ಅಂಕಗಳಿಂದ ಅಳೆಯುವ ‘ಓರಾಕ್’ ಪಟ್ಟಿಯನ್ನು ಅಮೆರಿಕದ ಕೃಷಿ ಇಲಾಖೆಯೇ 2012ರಲ್ಲಿ ಹಿಂತೆಗೆದುಕೊಂಡಿತು. ಮಾರಾಟಗಾರರು ಮಾತ್ರ ಇನ್ನೂ ಅದನ್ನೇ ಹೇಳುತ್ತಿದ್ದಾರೆ.

ಪರದೇಶದ ದ್ರವ್ಯವೆಂಬ ಒಂದೇ ಕಾರಣಕ್ಕೆ ಆಯುರ್ವೇದವು ಯಾವುದನ್ನೂ ದೂರವಿರಿಸಿಲ್ಲ. ಫಿರಂಗ ರೋಗಕ್ಕೆ ಚೋಪಚೀನಿಯನ್ನು ಭಾವಪ್ರಕಾಶವು ಸ್ವೀಕರಿಸಿತು. ನಮ್ಮ ಪ್ರಸಾದದಲ್ಲಿ ಬೀಳುವ ಗೋಡಂಬಿಯೂ ಬ್ರೆಜಿಲ್ ಮೂಲದ್ದೇ. ಆದರೆ ಹೊಸ ದ್ರವ್ಯಕ್ಕೆ ರಸ, ಗುಣ, ವಿಪಾಕಗಳನ್ನು ನಿರ್ಣಯಿಸಲು ದೀರ್ಘಕಾಲದ ಬಳಕೆಯ ಆಧಾರ ಬೇಕು. ಅಸಾಯಿಯನ್ನು ಒಮ್ಮೆಲೇ ‘ರಸಾಯನ’ವೆಂದು ಕರೆಯುವ ಜಾಹೀರಾತುಗಳನ್ನು ನಾವು ಒಪ್ಪಲಾರೆವು. ಎಣ್ಣೆಯ ಅಂಶದಿಂದಾಗಿ ಅದು ಸ್ನಿಗ್ಧ ಮತ್ತು ಗುರುವಾಗಿರಬೇಕೆಂಬುದು ನಮ್ಮ ಊಹೆ. ಬರ್ಫದಂತಹ ಬಟ್ಟಲನ್ನು ಬೆಳಗಿನ ಬರಿ ಹೊಟ್ಟೆಯಲ್ಲಿ ಸೇವಿಸುವುದು ಮಂದಾಗ್ನಿಯುಳ್ಳವರಿಗೂ ಕಫಪ್ರಕೃತಿಯವರಿಗೂ ಸಲ್ಲದು. ಅಸಾಯಿಯ ವರ್ಣದ್ರವ್ಯಗಳಲ್ಲಿ ಮುಖ್ಯವಾದೊಂದು ನಮ್ಮ ಪಶ್ಚಿಮಘಟ್ಟದ ಮುರುಗಲ ಹಣ್ಣಿನಲ್ಲಿಯೂ ಇದೆ. ನೇರಳೆ ಹಣ್ಣೂ ಇದೇ ಬಗೆಯ ವರ್ಣಗಳಿಂದ ಕೂಡಿದೆ. ಅದರ ಬೀಜದ ಚೂರ್ಣವನ್ನು ವೈದ್ಯರು ಪ್ರಮೇಹದಲ್ಲಿ ಬಹುಕಾಲದಿಂದ ಬಳಸುತ್ತ ಬಂದಿದ್ದಾರೆ.

ಮನೆಯಲ್ಲಿ ಡಬ್ಬಿ ಈಗಾಗಲೇ ಬಂದಿದ್ದರೆ ಎಸೆಯಬೇಕಾಗಿಲ್ಲ. ಸಕ್ಕರೆ ಬೆರೆಸಿದೆಯೇ ಎಂದು ಮೊದಲು ಓದಿ ನೋಡಿರಿ. ಬೆರೆಸದಿದ್ದಲ್ಲಿ ದಿನಕ್ಕೊಂದು ಚಮಚವನ್ನು ಆಹಾರವೆಂದು ಸೇವಿಸಬಹುದು. ಬ್ರೆಜಿಲ್‌ಗೆ ಪ್ರವಾಸ ಹೋಗುವವರು ಬೀದಿಬದಿಯ ಹಸಿ ರಸವನ್ನು ಕುಡಿಯಬಾರದು: ರಕ್ತ ಹೀರುವ ತಿಗಣೆಯಂತಹ ಕೀಟವೊಂದು ಹಣ್ಣಿನೊಡನೆ ಅರೆದುಹೋದರೆ ಹೃದಯವನ್ನು ಕೆಡಿಸುವ ಚಾಗಸ್ ರೋಗ ತಗಲುತ್ತದೆ. ಹಣ್ಣನ್ನು ಬಿಸಿನೀರಿನಲ್ಲಿ ಅದ್ದಿ ತೆಗೆಯುವ ಕ್ರಮವನ್ನು ಅಲ್ಲಿ ವಿಧಿಸಿರುವುದು ಇದಕ್ಕಾಗಿಯೇ. ಎಂ.ಆರ್.ಐ. ಪರೀಕ್ಷೆಗೆ ಹೋಗುವವರು ಈ ಪುಡಿಯನ್ನು ಸೇವಿಸುತ್ತಿರುವುದನ್ನು ಮುಂಚಿತವಾಗಿ ವೈದ್ಯರಿಗೆ ತಿಳಿಸಬೇಕು. ಚಿತ್ರದಲ್ಲಿ ವ್ಯತ್ಯಾಸವಾಗುವ ಸಂಭವವಿದೆ. ಮಧುಮೇಹ, ರಕ್ತದೊತ್ತಡದ ಔಷಧಗಳನ್ನು ಇದಕ್ಕಾಗಿ ಒಂದು ದಿನವೂ ಬಿಡಬಾರದು. ಈಗಾಗಲೇ ಬಿಟ್ಟಿರುವವರು ಇಂದೇ ತಮ್ಮ ವೈದ್ಯರನ್ನು ಕಾಣಬೇಕು.