ಮೂಗಿಗಿಂತ ಭಾರದ ಮೂಗುತಿ

ಬೀದಿಯ ಕೊನೆಯ ಜೆರಾಕ್ಸ್ ಅಂಗಡಿ ಬಾಗಿಲೆಳೆದ ಮೇಲೆಯೇ, ಮರುದಿನ ಶಾಲೆಯಲ್ಲಿ ಒಪ್ಪಿಸಬೇಕಾದ ಪ್ರಾಜೆಕ್ಟಿನ ಹಾಳೆಗಳು ಇನ್ನೂ ಮುದ್ರಿತವಾಗಿಲ್ಲವೆಂಬ ಸಂಗತಿ ಮಕ್ಕಳಿಗೆ ನೆನಪಾಗುವುದು ಲೋಕರೂಢಿ. ಅಂಥದೊಂದು ರಾತ್ರಿಯ ಪರದಾಟದಿಂದ ಬೇಸತ್ತ ಗೃಹಸ್ಥನು ಬೆಳಗಾದೊಡನೆ ಪೇಟೆಗೆ ಹೋಗಿ, ಸಾಲಾಗಿಟ್ಟ ಪ್ರಿಂಟರುಗಳಲ್ಲಿ ಅತ್ಯಲ್ಪ ಬೆಲೆಯದನ್ನು ಆರಿಸಿ, ಮಿತವ್ಯಯವನ್ನು ಸಾಧಿಸಿದೆನೆಂಬ ಸಮಾಧಾನದಿಂದ ಮನೆಗೆ ತರುತ್ತಾನೆ. ಆ ಸಮಾಧಾನದ ಆಯುಷ್ಯ ಮೊದಲ ಕಾರ್ಟ್ರಿಜ್ ಬರಿದಾಗುವವರೆಗೆ ಮಾತ್ರ.

ಯಂತ್ರವನ್ನು ಅಗ್ಗವಾಗಿ ಕೊಟ್ಟು ಶಾಯಿಯಲ್ಲಿ ಲಾಭವೆತ್ತುವುದು ಈ ವ್ಯಾಪಾರದ ಹಳೆಯ ಮರ್ಮ. ನೂರಿನ್ನೂರು ಪುಟಗಳಿಗೇ ಮುಗಿದುಹೋಗುವ ಕಾರ್ಟ್ರಿಜ್‌ಗಳನ್ನು ಕೆಲವು ಬಾರಿ ಕೊಳ್ಳುವಷ್ಟರಲ್ಲಿ ಪ್ರಿಂಟರಿನ ಬೆಲೆಯೇ ಸಂದುಹೋಗಿರುತ್ತದೆ. ಮೂಗಿಗಿಂತ ಮೂಗುತಿ ಭಾರವೆಂಬ ಗಾದೆಗೆ ಇದಕ್ಕಿಂತ ಒಳ್ಳೆಯ ನಿದರ್ಶನ ಬೇಕಿಲ್ಲ. ಪೆಟ್ಟಿಗೆಯ ಮೇಲೆ ಅಚ್ಚಾದ ಪುಟಸಂಖ್ಯೆಯೂ ಹಾಳೆಯ ಸುಮಾರು ಶೇ. 5ರಷ್ಟು ಭಾಗವನ್ನು ಮಾತ್ರ ಮಸಿ ಆವರಿಸಿದಾಗಿನ ಲೆಕ್ಕವಾದುದರಿಂದ, ವರ್ಣಚಿತ್ರ ತುಂಬಿದ ಪುಟಗಳಿಗೆ ಅದು ಅನ್ವಯಿಸದು.

ಶಾಯಿಯನ್ನು ಚಿಮ್ಮಿಸಿ ಮುದ್ರಿಸುವ ಈ ಇಂಕ್‌ಜೆಟ್ ಯಂತ್ರಗಳ ಇನ್ನೊಂದು ಸ್ವಭಾವವನ್ನೂ ಅರಿತಿರಬೇಕು. 1977ರಲ್ಲಿ ಜಪಾನಿನ ಕ್ಯಾನನ್ ಸಂಸ್ಥೆಯ ಪ್ರಯೋಗಶಾಲೆಯಲ್ಲಿ, ಕಾದ ಬೆಸುಗೆ ಕಡ್ಡಿಯೊಂದು ಶಾಯಿ ತುಂಬಿದ ಸಿರಿಂಜಿನ ಸೂಜಿಗೆ ಅಕಸ್ಮಾತ್ತಾಗಿ ತಗುಲಿ ಶಾಯಿ ಚಿಮ್ಮಿತಂತೆ. ಆ ಆಕಸ್ಮಿಕದಿಂದಲೇ ಶಾಖದ ಗುಳ್ಳೆಯಿಂದ ಮಸಿಯನ್ನು ಸಿಡಿಸುವ ಅವರ ವಿಧಾನ ಹುಟ್ಟಿತು. ಮಸಿ ಹೊರಚಿಮ್ಮುವ, ಕೂದಲೆಳೆಗಿಂತ ಸೂಕ್ಷ್ಮವಾದ ರಂಧ್ರಗಳಲ್ಲಿ, ಯಂತ್ರವು ವಾರಗಟ್ಟಲೆ ಸುಮ್ಮನಿದ್ದರೆ, ಶಾಯಿ ಒಣಗಿ ಹೆಪ್ಪುಗಟ್ಟುತ್ತದೆ. ಅದನ್ನು ತೊಳೆಯುವುದಕ್ಕೂ ಶಾಯಿಯೇ ವ್ಯಯವಾಗುತ್ತದೆ. ಸೀಸೆಯಿಂದ ಮಸಿ ತುಂಬುವ ಇಂಕ್ ಟ್ಯಾಂಕ್ ಪ್ರಿಂಟರಿನಲ್ಲಿ ಪುಟದ ಖರ್ಚು ಪೈಸೆಗಳಿಗೆ ಇಳಿಯುವುದಾದರೂ, ಈ ದೋಷದಿಂದ ಅದೂ ಮುಕ್ತವಲ್ಲ. ವಾರಕ್ಕೊಂದು ಬಣ್ಣದ ಪುಟವನ್ನಾದರೂ ಮುದ್ರಿಸುತ್ತಿರುವುದು ಕ್ಷೇಮ.

ಲೇಸರ್ ಪ್ರಿಂಟರಿನ ಟೋನರ್ ಒಣ ಪುಡಿ. ತಿಂಗಳುಗಟ್ಟಲೆ ಮುಟ್ಟದಿದ್ದರೂ ಕೆಡದು. ಬರಿಯ ಕಪ್ಪಕ್ಷರ ಸಾಕೆನ್ನುವವರಿಗೆ, ಯಾವಾಗಲೋ ಒಮ್ಮೆ ಮುದ್ರಿಸುವವರಿಗೆ, ಅದು ನಂಬಿಕೆಯ ಸೇವಕ. ಆದರೆ ಹೊಸ ಯಂತ್ರದೊಡನೆ ಬರುವ ಟೋನರ್ ಅನೇಕವೇಳೆ ಅರೆತುಂಬಿದ್ದೆಂಬುದನ್ನೂ, ಪುಡಿಯನ್ನು ಕಾಗದಕ್ಕೆ ಕರಗಿಸಿ ಅಂಟಿಸುವ ಶಾಖಕ್ಕೆ ಬಹಳ ವಿದ್ಯುತ್ತು ಬೇಕಾದುದರಿಂದ ಮನೆಯ ಸಣ್ಣ ಯುಪಿಎಸ್‌ಗೆ ಅದನ್ನು ಜೋಡಿಸಲಾಗದೆಂಬುದನ್ನೂ ಮರೆಯಬಾರದು.

ಹಾಗಾದರೆ ಆಯ್ಕೆ ಹೇಗೆ? ದೃಷ್ಟಾಂತಕ್ಕೆಂದು ಅಂಕಿಗಳನ್ನು ಊಹಿಸಿಕೊಳ್ಳೋಣ: ಕಾರ್ಟ್ರಿಜ್ ಯಂತ್ರಕ್ಕೆ 4,000 ರೂಪಾಯಿ, ಪುಟಕ್ಕೆ 6, ಟ್ಯಾಂಕ್ ಯಂತ್ರಕ್ಕೆ 12,000, ಪುಟಕ್ಕೆ 30 ಪೈಸೆ, ಜೆರಾಕ್ಸ್ ಅಂಗಡಿಯಲ್ಲಿ ಪುಟಕ್ಕೆ 3 ರೂಪಾಯಿ. ಮನೆಯ ಕಾಗದದ ಖರ್ಚನ್ನು ಬದಿಗಿಡೋಣ. ತಿಂಗಳಿಗೆ 30 ಪುಟಗಳಾದರೆ ಮೂರು ವರ್ಷಕ್ಕೆ 1,080 ಪುಟ; ಕಾರ್ಟ್ರಿಜ್‌ಗೆ 10,480 ರೂಪಾಯಿ, ಟ್ಯಾಂಕಿಗೆ 12,324, ಅಂಗಡಿಗೆ ಕೇವಲ 3,240. ಅದೇ ತಿಂಗಳಿಗೆ 150 ಪುಟಗಳಾದರೆ ಕಾರ್ಟ್ರಿಜ್ 36,400ಕ್ಕೇರುತ್ತದೆ, ಅಂಗಡಿ 16,200 ಕೇಳುತ್ತದೆ, ಟ್ಯಾಂಕ್ 13,620ರಲ್ಲೇ ನಿಲ್ಲುತ್ತದೆ. ಕೊಳ್ಳುವಾಗ ಎಲ್ಲಕ್ಕಿಂತ ಅಗ್ಗವಾಗಿ ಕಂಡ ಯಂತ್ರವು ಈ ಎರಡು ಲೆಕ್ಕಗಳಲ್ಲಿ ಒಂದರಲ್ಲಿಯೂ ಗೆಲ್ಲಲಿಲ್ಲವೆಂಬುದು ಗಮನಾರ್ಹ.

ಆದಕಾರಣ ಪೇಟೆಗೆ ಹೊರಡುವ ಮುನ್ನ, ಗೋಡೆಯ ಕ್ಯಾಲೆಂಡರಿನ ಮೇಲೆ, ಮನೆಯವರು ಹೊರಗೆ ಮುದ್ರಿಸಿ ತಂದ ಪುಟಗಳನ್ನು ಎರಡು ತಿಂಗಳ ಕಾಲ ಗುರುತುಹಾಕುತ್ತ ಬನ್ನಿ. ಆ ಗುರುತುಗಳು ವಿರಳವಾಗಿದ್ದರೆ, ಕೊಳ್ಳಬೇಕಾದುದು ಯಂತ್ರವನ್ನಲ್ಲ. ಮಗುವಿನ ಪ್ರಾಜೆಕ್ಟಿನ ವಿಚಾರವನ್ನು ಅಂಗಡಿ ಮುಚ್ಚುವ ಮೊದಲೇ ಕೇಳಿ ತಿಳಿಯುವ ಅಭ್ಯಾಸವೊಂದನ್ನು ಬೆಳೆಸಿಕೊಂಡರೆ ಸಾಕು.