ಎಂಬತ್ತು ಕಿಲೋದ ಗೆರೆ

ಜತ್ತ ತಾಲೂಕಿನ ರೈತನಿಗೆ ತೂಕವೆಂದರೆ ದುಡ್ಡು. ಒಣದ್ರಾಕ್ಷಿಯಾಗಲಿ ದಾಳಿಂಬೆಯಾಗಲಿ, ಕಾಟಾ ಹತ್ತಿ ಇಳಿದ ಮೇಲೆಯೇ ಲೆಕ್ಕ. ಆದರೆ ಅದೇ ತಾಲೂಕಿನ ಮಾಡಗ್ಯಾಳದ ಗಿಣಿಮೂಗಿನ ಟಗರು ಲಕ್ಷಗಟ್ಟಲೆ ಬೆಲೆಗೆ ಹೋಗುವುದು ತಳಿ ನೋಡಿ, ಮೂಗಿನ ಬಾಗು ನೋಡಿ; ಅಲ್ಲಿ ಕಿಲೋ ಕೇಳುವವರಿಲ್ಲ. ಯಾವುದನ್ನು ತೂಗಿ ಮಾರಬೇಕು, ಯಾವುದನ್ನು ಎಣಿಸಿ ಮಾರಬೇಕು ಎಂಬ ಜಗಳ ಸಂತೆಯಷ್ಟೇ ಹಳೆಯದು. ಈಗ ಅದು ವಿಮಾನದ ಟಿಕೆಟಿಗೂ ಬಂದಿದೆ: ಪ್ರಯಾಣಿಕನ ಮೈತೂಕಕ್ಕೆ ತಕ್ಕಂತೆ ದರ ಹಾಕಬಹುದೆ?

ಈ ಭಾಗದ ಲಿಂಗಾಯತ ಭಕ್ತರಿಗೆ ಇದು ದೂರದ ಮಾತಲ್ಲ. ಕೇದಾರನಾಥದ ಪ್ರಧಾನ ಅರ್ಚಕರಾದ ರಾವಲರು ಪರಂಪರೆಯಿಂದ ವೀರಶೈವ ಜಂಗಮರು. ಕನ್ನಡ ನಾಡಿನಿಂದ ಅಲ್ಲಿಗೆ ಹೋಗುವವರಿಗೆ ಕೊರತೆಯಿಲ್ಲ. ಗೌರೀಕುಂಡದಿಂದ ಸುಮಾರು 16 ಕಿಲೋಮೀಟರು ಏರು ಹಾದಿ. ಅದಾಗದವರು ಗುಪ್ತಕಾಶಿ, ಫಾಟಾ ಅಥವಾ ಸಿರ್ಸಿಯಿಂದ ಹೆಲಿಕಾಪ್ಟರ್ ಹತ್ತುತ್ತಾರೆ (ಇದು ಉತ್ತರಾಖಂಡದ ಸಿರ್ಸಿ, ನಮ್ಮ ಮಾರಿಕಾಂಬೆಯ ಊರಲ್ಲ). ಅಲ್ಲಿ ತಕ್ಕಡಿ ಕಾದಿರುತ್ತದೆ. ಈಚಿನ ವರ್ಷಗಳ ನಿಯಮದಂತೆ ಮೈತೂಕ 80 ಕಿಲೋ ದಾಟಿದರೆ ಮೇಲಿನ ಪ್ರತಿ ಕಿಲೋಗೆ 150 ರೂಪಾಯಿ.

ಕೇಳಲು ಅವಮಾನವೆನಿಸಿದರೂ ಈ ನಿಯಮದ ಹಿಂದೆ ಗಟ್ಟಿ ಭೌತಶಾಸ್ತ್ರವಿದೆ. ಕೇದಾರ ಸಮುದ್ರಮಟ್ಟದಿಂದ ಸುಮಾರು 3,580 ಮೀಟರು ಎತ್ತರದಲ್ಲಿದೆ. ಅಲ್ಲಿ ಗಾಳಿಯ ಸಾಂದ್ರತೆ ಕಡಲದಂಡೆಯದರ ಶೇ. 70ರಷ್ಟು ಮಾತ್ರ, ಬಿಸಿಲೇರಿದರೆ ಇನ್ನೂ ಕಡಿಮೆ. ಹೆಲಿಕಾಪ್ಟರ್ ತನ್ನನ್ನು ಎತ್ತಿಕೊಳ್ಳುವುದು ಗಾಳಿಯನ್ನು ಕೆಳಕ್ಕೆ ತಳ್ಳಿ. ಗಾಳಿ ತೆಳುವಾದರೆ ಅಷ್ಟೇ ಭಾರ ಹೊರಲು ಅದನ್ನು ಇನ್ನಷ್ಟು ವೇಗವಾಗಿ ತಳ್ಳಬೇಕು, ಶಕ್ತಿ ಹೆಚ್ಚು ಬೇಕು. ಅದೇ ಹೊತ್ತಿಗೆ ಎಂಜಿನ್ನಿಗೂ ಉಸಿರು ಸಾಲದು. ಮೇಲಾಗಿ ಭಾರ ಶೇ. 10 ಹೆಚ್ಚಿದರೆ, ನಿಂತಲ್ಲೇ ತೇಲಲು ಗಾಳಿ ತಳ್ಳುವ ಶಕ್ತಿ ಸುಮಾರು ಶೇ. 15 ಹೆಚ್ಚು ಬೇಕಾಗುತ್ತದೆ. ಐದಾರು ಜನ ಕೂರುವ ಯಂತ್ರದಲ್ಲಿ ಇಪ್ಪತ್ತು ಮೂವತ್ತು ಕಿಲೋ ಎಂದರೆ ಇಂಧನ ಇಳಿಸಬೇಕು, ಇಲ್ಲವೆ ಒಬ್ಬರನ್ನು ಇಳಿಸಬೇಕು. ಅಲ್ಲಿ ನಿಜವಾಗಿ ಮಾರಾಟಕ್ಕಿರುವುದು ಕಿಲೋ. ಸೀಟು ಹೆಸರಿಗೆ ಮಾತ್ರ.

ಇದೇ ತರ್ಕವನ್ನು ಬೆಳಗಾವಿಯಿಂದ ಬೆಂಗಳೂರಿಗೆ ಹಾರುವ ವಿಮಾನಕ್ಕೆ ಹಚ್ಚಿ ನೋಡಿ. ವಿಮಾನದಲ್ಲಿ ಹೆಚ್ಚುವರಿ ತೂಕ ಹೊರಲು ಗಂಟೆಗೆ ಆ ತೂಕದ ಸುಮಾರು ಶೇ. 3ರಷ್ಟು ಇಂಧನ ಸುಡುತ್ತದೆ ಎಂಬುದು ಸ್ಥೂಲ ಲೆಕ್ಕ. ಪಕ್ಕದವನಿಗಿಂತ ನೀವು 20 ಕಿಲೋ ಹೆಚ್ಚಿದ್ದರೆ ಒಂದು ಗಂಟೆಯ ಹಾರಾಟಕ್ಕೆ 600 ಗ್ರಾಂ, ಅಂದರೆ ಮುಕ್ಕಾಲು ಲೀಟರು ಇಂಧನ. ನೂರು ರೂಪಾಯಿಯೂ ಆಗದು. ಅದೇ ಸೀಟಿನ ದರ ಹಬ್ಬದ ಹಿಂದಿನ ದಿನ ಸಾವಿರಗಟ್ಟಲೆ ಏರುವುದನ್ನು ನಾವು ಗೊಣಗುತ್ತಲೇ ಒಪ್ಪಿಕೊಂಡಿದ್ದೇವೆ. ಇಂಧನ ನ್ಯಾಯದ ಹೆಸರಿನಲ್ಲಿ ತಕ್ಕಡಿ ತರುವವರು ಈ ನೂರು ರೂಪಾಯಿಯ ಲೆಕ್ಕವನ್ನು ಯಾಕೋ ಮುಂದಿಡುವುದಿಲ್ಲ.

ಹಾಗಾದರೆ ದೊಡ್ಡ ವಿಮಾನಕ್ಕೆ ನಮ್ಮ ತೂಕ ಬೇಡವೆ? ಬೇಕು, ಆದರೆ ಒಟ್ಟಾಗಿ. ಭಾರತದ ನಾಗರಿಕ ವಿಮಾನಯಾನ ನಿರ್ದೇಶನಾಲಯ ವಯಸ್ಕ ಪ್ರಯಾಣಿಕನಿಗೆ 75 ಕಿಲೋ ಎಂಬ ಪ್ರಮಾಣ ತೂಕವನ್ನಿಟ್ಟಿದೆ. ಒಬ್ಬೊಬ್ಬರ ತೂಕ ಇದರಿಂದ 13 ಕಿಲೋ ಅತ್ತಿತ್ತ ಇರುತ್ತದೆಂದು ಇಟ್ಟುಕೊಳ್ಳೋಣ. 180 ಜನರಲ್ಲಿ ಈ ಹೆಚ್ಚುಕಡಿಮೆಗಳು ಪರಸ್ಪರ ತಿಂದುಕೊಂಡು ಒಟ್ಟು ಲೆಕ್ಕ ಸಾಮಾನ್ಯವಾಗಿ ಶೇ. 1.3ರಷ್ಟು ಮಾತ್ರ ತಪ್ಪುತ್ತದೆ. ಐದೇ ಜನರಿದ್ದರೆ ಆ ತಪ್ಪು ಶೇ. 8ರ ಹತ್ತಿರ. ಸಾಂಗಲಿ-ಕೊಲ್ಲಾಪುರದ ತಾಲೀಮಿನಿಂದ ಪೈಲ್ವಾನರ ಗುಂಪೊಂದು ಒಟ್ಟಿಗೆ ಹತ್ತಿತೋ, ಗಣಿತದ ಸಮಾಧಾನವೆಲ್ಲ ಹಾರಿಹೋಗುತ್ತದೆ.

ಸರಾಸರಿ ಹಳತಾದರೂ ಅಪಾಯವೇ. 2003ರ ಜನವರಿ 8ರಂದು ಅಮೆರಿಕದ ಷಾರ್ಲಟ್‌ನಲ್ಲಿ ಏರ್ ಮಿಡ್‌ವೆಸ್ಟ್‌ನ ಪುಟ್ಟ ವಿಮಾನ ಏರುತ್ತಲೇ ಬಿದ್ದು 21 ಜನ ಸತ್ತರು. ಬಾಲದ ನಿಯಂತ್ರಣ ತಂತಿಯನ್ನು ತಪ್ಪಾಗಿ ಜೋಡಿಸಲಾಗಿತ್ತು. ಜೊತೆಗೆ ವಿಮಾನದ ಹಿಂಭಾಗ ಮಿತಿಗಿಂತ ಭಾರವಾಗಿತ್ತು. ಕಾಗದದ ಮೇಲೆ ಮಾತ್ರ ಎಲ್ಲ ಸರಿಯಿತ್ತು, ಯಾಕೆಂದರೆ ಅಲ್ಲಿದ್ದದ್ದು ಹಳೆಯ, ತೆಳ್ಳಗಿನ ಅಮೆರಿಕನ್ನರ ಸರಾಸರಿ. ಆಮೇಲೆ ಅಲ್ಲಿ ಪ್ರಮಾಣ ತೂಕವನ್ನು ಏರಿಸಿದರು.

ತೂಕಕ್ಕೇ ಟಿಕೆಟ್ ಮಾರಿದ ಸಂಸ್ಥೆಯೂ ಒಂದಿತ್ತು. 2013ರಲ್ಲಿ ಸಮೋವಾ ಏರ್ ಕಿಲೋಗೆ ಇಷ್ಟು ಎಂದು ದರ ಹಾಕಿತು. ಅದರಲ್ಲಿದ್ದವು ಹತ್ತು ಜನಕ್ಕೂ ಸಾಲದ ಪುಟಾಣಿ ವಿಮಾನಗಳು. ಅಂದರೆ ಅದರ ಸಂಕಟ ಕೇದಾರದ್ದೇ ಜಾತಿಯದು.

ನನ್ನ ಮಟ್ಟಿಗೆ, ಪುಟ್ಟ ಯಂತ್ರ ಹತ್ತುವವರನ್ನು ತೂಗಲೇಬೇಕು. ಆ ಅಂಕಿ ಪೈಲಟ್‌ಗೆ ತಲುಪಬೇಕು. ಹಣದ ಕೌಂಟರಿಗೆ ಅದು ಯಾಕೆ ಬೇಕು? ಎತ್ತರದ ಆಳು, ದಪ್ಪ ಮೂಳೆಯ ರೈತ, ಔಷಧದಿಂದ ಮೈ ಊದಿಸಿಕೊಂಡ ರೋಗಿ ಇವರೆಲ್ಲರ ಹೆಚ್ಚುವರಿ ಕಿಲೋಗಳನ್ನು ಎಲ್ಲರ ಟಿಕೆಟಿನಲ್ಲಿ ಹಂಚಿದರೆ ಒಬ್ಬೊಬ್ಬರಿಗೆ ಬೀಳುವುದು ಅಲ್ಪ. 2024ರಲ್ಲಿ ಫಿನ್‌ಏರ್ ಹೆಲ್ಸಿಂಕಿಯಲ್ಲಿ ಒಪ್ಪಿದ ಪ್ರಯಾಣಿಕರನ್ನಷ್ಟೇ ಕೈಚೀಲದ ಸಮೇತ ತೂಗಿತು. ಅಂಕಿ ಕಂಡದ್ದು ಗೇಟಿನಲ್ಲಿದ್ದ ಒಬ್ಬ ಸಿಬ್ಬಂದಿಗೆ. ಹೆಸರಿನ ಜೊತೆಗೆ ಅದನ್ನು ಜೋಡಿಸಲಿಲ್ಲ. ಫಾಟಾದ ತಕ್ಕಡಿಯ ಮುಂದೆ ಸಾಲು ನಿಂತವರಿಗೂ ಅಷ್ಟು ಮರೆ ಒದಗಿಸಲು ಬೇಕಾದದ್ದು ಒಂದು ಪರದೆ.