ಹೊಸ ಕೀಲಿನಷ್ಟೇ ಮುಖ್ಯ, ನೋವಿನ ಲೆಕ್ಕ

ಹೇಮಗುಡ್ಡದಿಂದ ಆನೆಗೊಂದಿಯವರೆಗಿನ ಗಂಗಾವತಿ ಸೀಮೆ ಭತ್ತದ ನಾಡು. ವರ್ಷಗಟ್ಟಲೆ ಮೊಣಕಾಲೂರಿ, ಕುಕ್ಕರಗಾಲಲ್ಲಿ ಕೂತು ದುಡಿಯುವವರಲ್ಲಿ ಮೊಣಕಾಲಿನ ಸವೆತ ಹೆಚ್ಚೆಂಬುದು ವೈದ್ಯರು ಒಪ್ಪಿದ ಮಾತು. ಅಂಜನಾದ್ರಿಯ 575 ಮೆಟ್ಟಿಲು ಹಾಗಿರಲಿ, ಮನೆಯ ಹೊಸ್ತಿಲು ದಾಟುವುದೂ ಕಷ್ಟವಾದಾಗ ಕೀಲು ಬದಲಿಸುವ ಮಾತು ಬರುತ್ತದೆ. ಆಗ ಮನೆಯವರು ಡಾಕ್ಟರು ಯಾರು, ಕೀಲು ಯಾವ ಕಂಪನಿಯದು, ಖರ್ಚೆಷ್ಟು ಎಂದು ಹತ್ತು ಕಡೆ ವಿಚಾರಿಸುತ್ತಾರೆ. ಕೇಂದ್ರ ಸರ್ಕಾರವೂ 2017ರ ಆಗಸ್ಟ್‌ನಲ್ಲಿ ಕೀಲಿನ ಬೆಲೆಗೆ ಮಿತಿ ಹಾಕಿ, ಹೆಚ್ಚು ಬಳಕೆಯ ಕೋಬಾಲ್ಟ್-ಕ್ರೋಮಿಯಂ ಕೀಲಿಗೆ ತೆರಿಗೆ ಬಿಟ್ಟು 54,720 ರೂಪಾಯಿ ನಿಗದಿ ಮಾಡಿತು. ಆದರೆ ಆಪರೇಷನ್ ಆದಮೇಲಿನ ನೋವಿಗೆ ಏನು ಮಾಡುತ್ತೀರಿ ಎಂದು ಕೇಳುವವರು ಕಡಿಮೆ. ಕೇಳಲೇಬೇಕಾದ ಪ್ರಶ್ನೆ ಅದು.

ಏಕೆಂದರೆ ಹೊಸ ಕೀಲು ಕೂರಿಸಿದ ಮಾತ್ರಕ್ಕೆ ಕಾಲು ನಡೆಯುವುದಿಲ್ಲ. ಅದೇ ದಿನ ಅಥವಾ ಮಾರನೇ ದಿನವೇ ರೋಗಿಯನ್ನು ವಾಕರ್ ಹಿಡಿಸಿ ನಿಲ್ಲಿಸಬೇಕು, ಮೊಣಕಾಲನ್ನು ಮಡಿಸಿ ಚಾಚಿಸಬೇಕು. ತಡವಾದರೆ ಕೀಲು ಬಿಗಿಯುತ್ತದೆ, ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟುವ ಭಯವೂ ಹೆಚ್ಚುತ್ತದೆ. ಮೂಳೆ ಕೊಯ್ದ ನೋವಿನಲ್ಲಿ ವ್ಯಾಯಾಮ ಮಾಡು ಎಂದರೆ ಯಾರು ಮಾಡಿಯಾರು? ಬೆನ್ನಿಗೆ ಕೊಟ್ಟ ಸೂಜಿಯ ಮರಗಟ್ಟುವಿಕೆ ಕೆಲವೇ ಗಂಟೆಗಳಲ್ಲಿ ಇಳಿಯುತ್ತದೆ. ಮಾರ್ಫಿನ್, ಟ್ರಮಡಾಲ್‌ನಂಥ ಔಷಧಿಗಳನ್ನೇ ನಂಬಿದರೆ ವಾಂತಿ, ಮಂಪರು, ಮಲಬದ್ಧತೆ. ವಯಸ್ಸಾದವರಿಗೆ ಕೆಲವೊಮ್ಮೆ ಬುದ್ಧಿಭ್ರಮಣೆ.

ಇಲ್ಲಿ ನೆರವಿಗೆ ಬರುವುದು ನರ್ವ್ ಬ್ಲಾಕ್. ಅರಿವಳಿಕೆ ತಜ್ಞರು ಅಲ್ಟ್ರಾಸೌಂಡ್ ಪರದೆಯಲ್ಲಿ ಸೂಜಿಯ ದಾರಿ ನೋಡುತ್ತಾ ನರದ ಸುತ್ತ ಬುಪಿವಕೇನ್ ಅಥವಾ ರೋಪಿವಕೇನ್ ಔಷಧಿ ಬಿಡುತ್ತಾರೆ. ಮುಖ್ಯ ಕಾಲುವೆ ಹರಿಯುತ್ತಿರುವಾಗಲೇ ಒಂದು ಉಪಕಾಲುವೆಯ ತೂಬು ಮುಚ್ಚಿದ ಹಾಗೆ, ಮೈಯೆಲ್ಲ ಎಚ್ಚರವಿದ್ದರೂ ಮೊಣಕಾಲಿನ ನೋವಿನ ಸುದ್ದಿ ಮಾತ್ರ ಮಿದುಳಿಗೆ ಮುಟ್ಟುವುದಿಲ್ಲ. ಒಂದು ಸಲದ ಔಷಧಿ ಸಾಮಾನ್ಯವಾಗಿ ಅರ್ಧ ದಿನದಿಂದ ಒಂದು ದಿನ ಕೆಲಸ ಮಾಡುತ್ತದೆ. 45 ಪ್ರಯೋಗಗಳ 2,710 ರೋಗಿಗಳ ಮಾಹಿತಿ ಕಲೆಹಾಕಿದ 2014ರ ಕಾಕ್ರೇನ್ ಪರಾಮರ್ಶೆಯ ಪ್ರಕಾರ, ತೊಡೆಸಂದಿಯ ಫೆಮೊರಲ್ ನರಕ್ಕೆ ಬ್ಲಾಕ್ ಕೊಟ್ಟವರಿಗೆ ಬರೀ ಮಾರ್ಫಿನ್ ಜಾತಿಯ ಔಷಧಿ ಪಡೆದವರಿಗಿಂತ ನೋವೂ ಕಡಿಮೆ, ವಾಕರಿಕೆಯೂ ಕಡಿಮೆ.

ಆಕ್ಷೇಪಗಳೂ ಇವೆ. ಕಾಲೇ ಸೋತರೆ ನಡೆಯುವುದು ಹೇಗೆ ಎಂಬುದು ಮೊದಲನೆಯದು, ನ್ಯಾಯವಾದದ್ದು. ಫೆಮೊರಲ್ ಬ್ಲಾಕ್ ತೊಡೆಯ ಸ್ನಾಯುವನ್ನು ಬಲಗುಂದಿಸುವುದರಿಂದ ಬೀಳುವ ಅಪಾಯವಿದೆ. ಅದಕ್ಕೇ ಈಗ ತೊಡೆಯ ನಡುಭಾಗದಲ್ಲಿ ಕೊಡುವ ಅಡಕ್ಟರ್ ಕೆನಾಲ್ ಬ್ಲಾಕ್‌ಗೆ ಒಲವು ಹೆಚ್ಚು. 2013ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಆರೋಗ್ಯವಂತ ಸ್ವಯಂಸೇವಕರ ತೊಡೆಬಲ ಹಳೆಯ ವಿಧಾನದಲ್ಲಿ ಶೇ. 49ರಷ್ಟು ಕುಗ್ಗಿದರೆ, ಹೊಸದರಲ್ಲಿ ಶೇ. 8ರಷ್ಟು ಮಾತ್ರ. ಆದರೂ ಜೊತೆಗೊಬ್ಬರಿಲ್ಲದೆ ಮಂಚ ಇಳಿಯಬಾರದು. ಸರ್ಜನ್ನರೇ ಕೀಲಿನ ಸುತ್ತ ಔಷಧಿ ತುಂಬಿದರೆ ಸಾಲದೇ ಎಂಬುದು ಎರಡನೆಯದು. ಅದೂ ಒಳ್ಳೆಯ ಉಪಾಯವೇ. ಅಡಕ್ಟರ್ ಬ್ಲಾಕ್ ಮುಟ್ಟದ ಮೊಣಕಾಲ ಹಿಂಭಾಗದ ನೋವಿಗೆ ಅದು ನೆರವಾಗುತ್ತದೆ. ಅಲ್ಟ್ರಾಸೌಂಡ್ ಇಲ್ಲದ ಸಣ್ಣ ಆಸ್ಪತ್ರೆಯಲ್ಲಿ ಅದೇ ಆಸರೆ. ಎರಡೂ ಸಾಧ್ಯವಿದ್ದಲ್ಲಿ ಒಂದನ್ನು ಬಿಡುವ ಕಾರಣವಿಲ್ಲ. ನರಕ್ಕೆ ಪೆಟ್ಟಾಗುವುದು, ಔಷಧಿ ರಕ್ತಕ್ಕೆ ಸೇರಿ ತೊಂದರೆಯಾಗುವುದು ವಿರಳ. ಅಲ್ಟ್ರಾಸೌಂಡ್ ಬಂದಮೇಲೆ ಔಷಧಿ ರಕ್ತಕ್ಕೆ ಸೇರುವ ಅಪಾಯ ಇನ್ನೂ ತಗ್ಗಿದೆ. ನೋವು ತಿನ್ನುವುದು ಗಟ್ಟಿತನ ಎನ್ನುವವರಿಗೆ ಒಂದೇ ಉತ್ತರ: ಇಲ್ಲಿ ನೋವು ತಡೆದುಕೊಂಡವರಿಗೆ ಬಹುಮಾನವಿಲ್ಲ, ಕಾಲು ಮಡಿಸಿದವರಿಗೆ ಇದೆ.

ಆದ್ದರಿಂದ ಆಪರೇಷನ್‌ಗೆ ಮೊದಲೇ ಅರಿವಳಿಕೆ ತಜ್ಞರನ್ನು ಕಂಡು ಮೂರು ಮಾತು ಕೇಳಿ: ಯಾವ ಬ್ಲಾಕ್ ಕೊಡುತ್ತೀರಿ, ಅದು ಎಷ್ಟು ಹೊತ್ತಿಗೆ ಇಳಿಯುತ್ತದೆ, ಇಳಿಯುವ ಮುಂಚೆ ಯಾವ ಮಾತ್ರೆ ನುಂಗಬೇಕು? ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಅದನ್ನೂ ಮುಚ್ಚಿಡದೆ ಹೇಳಿ.